ಶಿವಪುರದ ಬಾವುಟ, ಹೊರಗಿನವರ ಕಳವಳ

ಎಲ್ಲೋ ಒಂದು ಪ್ರಾಂತ್ಯದ ಜನ ಬೀದಿಗಿಳಿಯುತ್ತಾರೆ. ಪೊಲೀಸರು ಮೊದಲು ಲಾಠಿ ಬೀಸುತ್ತಾರೆ, ಆಮೇಲೆ ಗುಂಡು ಹಾರಿಸುತ್ತಾರೆ. ಸತ್ತವರ ಲೆಕ್ಕ ಮುಗಿಯುವ ಮೊದಲೇ ಎರಡು ಹೇಳಿಕೆಗಳು ಹೊರಬೀಳುತ್ತವೆ. ಒಂದು ಗುಂಡು ಹಾರಿಸಿದವರದ್ದು: ಇದು ನಮ್ಮ ಆಂತರಿಕ ವಿಚಾರ, ಹೊರಗಿನವರು ಮೂಗು ತೂರಿಸುವುದು ಬೇಡ. ಇನ್ನೊಂದು ದೂರದಲ್ಲಿ ಕುಳಿತವರದ್ದು: ಬೆಳವಣಿಗೆಗಳನ್ನು ನಾವು ಕಳವಳದಿಂದ ಗಮನಿಸುತ್ತಿದ್ದೇವೆ. ಈ ಎರಡೂ ಹೇಳಿಕೆಗಳು ಮೊದಲೇ ಅಚ್ಚಾಗಿ ಕಪಾಟಿನಲ್ಲಿರುತ್ತವೆಯೋ ಏನೋ. ಊರಿನ ಹೆಸರನ್ನು ತುಂಬಿ ಕಳುಹಿಸಿದರೆ ಆಯಿತು.

ನಮ್ಮ ಮಂಡ್ಯ ಸೀಮೆಯವರಿಗೆ ಈ ಎರಡೂ ಹೇಳಿಕೆಗಳು ಹೊಸವಲ್ಲ. ಬೆಂಘಾಜಿ, ಉರುಂಚಿ, ಗಾಝಾಗಳ ಹೆಸರು ಕೇಳುವುದಕ್ಕೆ ಬಹಳ ಮೊದಲೇ ಮದ್ದೂರಿನ ಪಕ್ಕದ ಒಂದು ಸಣ್ಣ ಊರು ಇವನ್ನು ಕೇಳಿತ್ತು. ಆ ಊರು ಶಿವಪುರ. ಇಂದು ಅಲ್ಲಿ ಧ್ವಜ ಸತ್ಯಾಗ್ರಹ ಸೌಧವಿದೆ. ಬೆಂಗಳೂರು ಮೈಸೂರು ನಡುವೆ ಓಡಾಡುವವರು ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ. ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲುವವರಲ್ಲಿ ಎಷ್ಟು ಮಂದಿ ಸೌಧದ ಮುಂದೆ ನಿಲ್ಲುತ್ತಾರೆ ಎಂದು ನಾವು ಕೇಳಲು ಹೋಗುವುದಿಲ್ಲ. ಶಿವಪುರವನ್ನು ಹೊಗಳುವವರನ್ನು ಮಾತ್ರ ಒಂದು ಪ್ರಶ್ನೆ ಕೇಳಬೇಕಾಗಿದೆ. ಅಂದು ಬಾವುಟ ಹಿಡಿದವರ ಬಗ್ಗೆ ಹೊರಗಿನವರು ಮಾತನಾಡಿದ್ದು ಸರಿಯಾಗಿತ್ತೇ, ತಪ್ಪಾಗಿತ್ತೇ? ಸರಿ ಎಂದಾದರೆ ಇಂದು ಅದು ತಪ್ಪಾಗುವುದು ಹೇಗೆ?

ನಡೆದದ್ದನ್ನು ನೆನಪಿಸಿಕೊಳ್ಳೋಣ. ಮಂಡ್ಯ ಆಗ ಪ್ರತ್ಯೇಕ ಜಿಲ್ಲೆಯೂ ಆಗಿರಲಿಲ್ಲ. ಮೈಸೂರು ಜಿಲ್ಲೆಯಿಂದ ಅದು ಬೇರೆಯಾದದ್ದು 1939ರಲ್ಲಿ. ಮೈಸೂರು ಕಾಂಗ್ರೆಸ್ ತನ್ನ ಮೊದಲ ಅಧಿವೇಶನವನ್ನು 1938ರ ಏಪ್ರಿಲ್‌ನಲ್ಲಿ ಶಿಂಷಾ ನದಿಯ ಬಳಿಯ ಶಿವಪುರದಲ್ಲಿ, ತಿರುಮಲೇಗೌಡರ ಜಮೀನಿನಲ್ಲಿ ಕರೆಯಿತು. ಟಿ. ಸಿದ್ದಲಿಂಗಯ್ಯನವರು ಅಧ್ಯಕ್ಷರು. ತ್ರಿವರ್ಣ ಧ್ವಜ ಹಾರಿಸಕೂಡದೆಂದು ಸರಕಾರದ ನಿಷೇಧಾಜ್ಞೆ ಇತ್ತು. ಏಪ್ರಿಲ್ 11ರಂದು ಸಾವಿರಾರು ರೈತರ ಎದುರಿನಲ್ಲಿ ನಿಷೇಧ ಮುರಿಯಲಾಯಿತು, ಸಿದ್ದಲಿಂಗಯ್ಯನವರು ಬಂಧಿತರಾದರು. ಒಬ್ಬರನ್ನು ಹಿಡಿದೊಯ್ದರೆ ಇನ್ನೊಬ್ಬರು ಮುಂದೆ ಬಂದರು. ಸುತ್ತಮುತ್ತಲ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದ ಜನ ಮನೆಗೆ ಹೋಗಲು ಒಪ್ಪಲಿಲ್ಲ.

ಅವರು ಬಟ್ಟೆಯ ಒಂದು ತುಂಡಿಗಾಗಿ ಮಾತ್ರ ಬಂದಿದ್ದರೆಂದು ತಿಳಿಯುವುದು ಬೇಡ. ಕನ್ನಂಬಾಡಿಯ ನೀರು ವೈಸ್‌ರಾಯ್ ಇರ್ವಿನ್ ಅವರ ಹೆಸರು ಹೊತ್ತ ನಾಲೆಯಲ್ಲಿ ಮಂಡ್ಯದ ಬಯಲಿಗೆ ಹರಿದಿತ್ತು. ನೀರಿನ ಹಿಂದೆಯೇ ಅದರ ಬಾಬ್ತಿನ ಹೊರೆಯೂ ಬಂದಿತ್ತು. ಆ ಹೊರೆಯ ವಿರುದ್ಧ 1930ರ ದಶಕದ ಆರಂಭದಲ್ಲೇ ಮಂಡ್ಯದ ರೈತರು ಎದ್ದಿದ್ದರು. ಎಚ್.ಕೆ. ವೀರಣ್ಣಗೌಡರಂಥವರು ರಾಜಕೀಯ ಕಲಿತದ್ದು ಆ ಗದ್ದೆಯ ಬದುಗಳಲ್ಲಿ. ಹೊಲದ ಸಿಟ್ಟಿಗೆ ಶಿವಪುರದಲ್ಲಿ ಒಂದು ಬಾವುಟ ಸಿಕ್ಕಿತು.

ಈಗ ಹೊರಗಿನವರ ಮಾತಿಗೆ ಬರೋಣ. ಇಂದಿನ ಓದುಗರಿಗೆ ಗಾಂಧಿ, ಪಟೇಲರು 'ಹೊರಗಿನವರು' ಎಂದರೆ ವಿಚಿತ್ರವಾಗಿ ಕೇಳಿಸೀತು. ಅಂದಿನ ಮೈಸೂರು ಸರಕಾರಕ್ಕೆ ಹಾಗೆ ಕೇಳಿಸಿರಲಿಲ್ಲ. ಸಂಸ್ಥಾನಕ್ಕೆ ತನ್ನದೇ ರಾಜ, ತನ್ನದೇ ಕಾನೂನು, ತನ್ನದೇ ಗಂಡಭೇರುಂಡದ ಧ್ವಜ. ಹೊಸೂರಿನ ಗಡಿ ದಾಟಿದರೆ ಬೇರೆ ಸರಕಾರ. ಮುಂಬಯಿಯ ಕಾಂಗ್ರೆಸ್ ನಾಯಕ ಕೆ.ಎಫ್. ನಾರಿಮನ್ ಅವರು 1937ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಬಂದು ಮಾತನಾಡಲು ಹೊರಟಾಗ ನಿರ್ಬಂಧ ಹೇರಿ ಬಂಧಿಸಲಾಯಿತು. ನಮ್ಮ ಪ್ರಜೆಗಳು ಸುಖವಾಗಿದ್ದಾರೆ, ಹೊರಗಿನ ಚಳವಳಿಗಾರರು ಬಂದು ಕೆಡಿಸುತ್ತಿದ್ದಾರೆ ಎಂಬುದು ಅಂದಿನ ಆಡಳಿತದ ಧಾಟಿ. ಬೀಜಿಂಗ್‌ನಿಂದ ದಮಾಸ್ಕಸ್‌ವರೆಗೆ, ಮನಾಮಾದಿಂದ ದಿಲ್ಲಿಯವರೆಗೆ ಆಮೇಲೆ ಕೇಳಿದ ಎಲ್ಲ ಸರಕಾರಿ ಹೇಳಿಕೆಗಳ ಧಾಟಿಯೂ ಇದೇ ಅಲ್ಲವೇ?

ನಾರಿಮನ್ ಬಂಧನದ ಬೆನ್ನಲ್ಲೇ, ಅದೇ ತಿಂಗಳ ಕೊನೆಯಲ್ಲಿ, ಕಲ್ಕತ್ತೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸಭೆ ಸೇರಿತು. ಮೈಸೂರಿನ ದಮನವನ್ನು ಖಂಡಿಸಿ, ಅಲ್ಲಿನ ಜನರ ಹೋರಾಟಕ್ಕೆ ಬೆಂಬಲ ಕೊಡಬೇಕೆಂದು ನಿರ್ಣಯ ಅಂಗೀಕರಿಸಿತು. ಶಾಲಾ ಪುಸ್ತಕಗಳು ಇಲ್ಲಿಗೇ ನಿಲ್ಲಿಸಿಬಿಡುತ್ತವೆ. ಎರಡೇ ವಾರದಲ್ಲಿ, ನವೆಂಬರ್ 13ರ 'ಹರಿಜನ' ಪತ್ರಿಕೆಯಲ್ಲಿ ಆ ನಿರ್ಣಯವನ್ನು ತಪ್ಪೆಂದು ಬರೆದವರು ಬೇರೆ ಯಾರೂ ಅಲ್ಲ, ಗಾಂಧೀಜಿ. ಸಂಸ್ಥಾನಗಳ ವಿಷಯದಲ್ಲಿ ಕೈ ಹಾಕದಿರುವುದು ಕಾಂಗ್ರೆಸ್ಸಿನ ನೀತಿ, ಸಮಿತಿಗೆ ಇಂಥ ನಿರ್ಣಯ ಮಾಡುವ ಅಧಿಕಾರವಿಲ್ಲ ಎಂಬುದು ಅವರ ವಾದ. 1938ರ ಫೆಬ್ರವರಿಯಲ್ಲಿ ಸುಭಾಷರ ಅಧ್ಯಕ್ಷತೆಯ ಹರಿಪುರ ಅಧಿವೇಶನ ಇನ್ನೂ ಸ್ಪಷ್ಟಪಡಿಸಿತು. ಜವಾಬ್ದಾರಿ ಸರಕಾರದ ಬೇಡಿಕೆಗೆ ನಮ್ಮ ಸಹಾನುಭೂತಿಯಿದೆ, ಆದರೆ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಸಬೇಡಿ, ನಿಮ್ಮ ಹೊರೆ ನೀವೇ ಹೊರಬೇಕು ಎಂದು.

ಗಾಂಧೀಜಿಯ ನಿಲುವಿನಲ್ಲಿ ತತ್ವ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಪರರ ಊರುಗೋಲಿನ ಮೇಲೆ ನಿಂತ ಚಳವಳಿ ಊರುಗೋಲು ಸರಿದೊಡನೆ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ತತ್ವದ ಪಕ್ಕದಲ್ಲಿ ಸ್ನೇಹವೂ ಇತ್ತು. 1927ರಲ್ಲಿ ಆರೋಗ್ಯ ಕೆಟ್ಟಾಗ ಅವರು ತಿಂಗಳುಗಟ್ಟಲೆ ವಿಶ್ರಾಂತಿ ಪಡೆದದ್ದು ನಂದಿಬೆಟ್ಟದಲ್ಲಿ, ಬೆಂಗಳೂರಿನಲ್ಲಿ, ಮೈಸೂರಿನ ಅತಿಥಿಯಾಗಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಪ್ತರು. ಮಹಾರಾಜರ ಮೇಲೆ ಅವರಿಗೆ ಅಪಾರ ಗೌರವ. ಉಪ್ಪು ತಿಂದ ಮನೆಯ ಬಗ್ಗೆ ಮಾತನಾಡುವಾಗ ಮಹಾತ್ಮರ ನಾಲಿಗೆಯೂ ಸ್ವಲ್ಪ ತಡವರಿಸುತ್ತದೆ. ಇದನ್ನು ಅವರನ್ನು ಹಳಿಯಲು ಹೇಳುತ್ತಿಲ್ಲ. ಗಾಂಧೀಜಿಗೇ ಹೀಗಾದರೆ ತೈಲ ಕೊಳ್ಳುವವರ, ಯುದ್ಧವಿಮಾನ ಮಾರುವವರ ನಾಲಿಗೆ ಎಷ್ಟು ತಡವರಿಸಬೇಡ?

ಲಂಡನ್ನಿನ ಮೌನಕ್ಕೆ ಮಾತ್ರ ಸ್ನೇಹದ ಮುಲಾಜೂ ಇರಲಿಲ್ಲ, ಅದು ಬರೀ ಲೆಕ್ಕಾಚಾರ. ಹೊರಜಗತ್ತು ನಮ್ಮ ಸೀಮೆಯನ್ನು ಬಲ್ಲದ್ದು ಯಾವುದರಿಂದ? ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ. ಅಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ಓಡಿ ಮೊದಲು ಬೆಳಗಿಸಿದ್ದು ಮಳವಳ್ಳಿಯ ಗುಡಿಸಲನ್ನಲ್ಲ, ಲಂಡನ್ನಿನ ಜಾನ್ ಟೇಲರ್ ಕಂಪೆನಿ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಯನ್ನು. ಚಿನ್ನ ಬರುತ್ತಿರುವಷ್ಟು ದಿನ ಮೈಸೂರು 'ಮಾದರಿ ಸಂಸ್ಥಾನ'. ಮೇಲಾಗಿ 1935ರ ಕಾಯ್ದೆಯ ಒಕ್ಕೂಟವನ್ನು ಬ್ರಿಟಿಷರು ಆಗ ಕಟ್ಟುತ್ತಿದ್ದರು. ಅದರ ಕೆಳಮನೆಯ 375 ಸ್ಥಾನಗಳಲ್ಲಿ 125 ಸಂಸ್ಥಾನಗಳಿಗೆ, ಮೇಲ್ಮನೆಯ 260ರಲ್ಲಿ 104. ಆ ಸ್ಥಾನಗಳಿಗೆ ಜನ ಆರಿಸುವಂತಿರಲಿಲ್ಲ, ರಾಜರು ಹೆಸರಿಸಬೇಕಿತ್ತು. ಕಾಂಗ್ರೆಸ್ಸನ್ನು ಕಟ್ಟಿಹಾಕಲು ಬ್ರಿಟಿಷರಿಗೆ ರಾಜರು ಬೇಕಾಗಿದ್ದರು. ರಾಜರ ಜನ ಚುನಾವಣೆ ಕೇಳಿ ಎದ್ದರೆ ಆಟವೇ ಕೆಡುತ್ತದೆ. ಇಂಥ ಹೊತ್ತಿನಲ್ಲಿ ಮದ್ದೂರಿನ ರೈತನ ಪರ ಸಾಮ್ರಾಜ್ಯದ ರಾಜಧಾನಿ ಬಾಯಿ ತೆರೆಯುತ್ತದೆಯೇ? ಹಾಗೆಂದು ಕಾಂಗ್ರೆಸ್ಸಿನ ಕಾಳಜಿಯೂ ಸ್ವಾರ್ಥದ ಸೋಂಕಿಲ್ಲದ್ದೇನಲ್ಲ. ಆ ಸ್ಥಾನಗಳು ಜನರಿಂದ ಆರಿಸಿ ಬಂದರೆ ಅವು ತನ್ನ ಕಡೆಗೇ ಬೀಳುತ್ತವೆ ಎಂಬುದು ಅದಕ್ಕೂ ಗೊತ್ತಿತ್ತು.

ಶಿವಪುರದಲ್ಲಿ ಗುಂಡು ಹಾರಲಿಲ್ಲ. ಎರಡು ವಾರ ಕಳೆದು, ಏಪ್ರಿಲ್ 25ರಂದು, ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಹಾರಿತು. ಅಲ್ಲಿಯೂ ಅದೇ ಬಾವುಟ, ಅದೇ ನಿಷೇಧ. ಸರಕಾರದ ಲೆಕ್ಕದಲ್ಲಿ ಸತ್ತವರು 10 ಮಂದಿ. ಕಾಂಗ್ರೆಸ್ಸಿನವರ ಲೆಕ್ಕದಲ್ಲಿ 32. ಒಂದೇ ತೋಪಿನಲ್ಲಿ ಬಿದ್ದ ಹೆಣಗಳು ಎರಡು ಕಡತಗಳಲ್ಲಿ ಎರಡು ಸಂಖ್ಯೆಯಾಗುವ ಈ ಗಣಿತವೂ ಎಲ್ಲ ದಮನಗಳ ಜೊತೆ ಹುಟ್ಟಿದ್ದೇ.

ಆಗ ಕೈ ಹಾಕದಿರುವ ನೀತಿ ಕರಗಿತು. ಗಾಂಧೀಜಿ ಹೇಳಿಕೆ ಕೊಟ್ಟರು, ಹೇಳಿಕೆ ಕೊಟ್ಟು ಸುಮ್ಮನಾಗಲಿಲ್ಲ. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೇ ತಿಂಗಳ ಮೊದಲ ವಾರ ಬೆಂಗಳೂರಿಗೆ ಬಂದರು. ಮಿರ್ಜಾರ ಎದುರು ಕುಳಿತರು. ಅದೇ ತಿಂಗಳಲ್ಲಿ ಮಿರ್ಜಾ-ಪಟೇಲ್ ಒಪ್ಪಂದವಾಯಿತು. ಬಂಧಿತರ ಬಿಡುಗಡೆ, ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ, ತ್ರಿವರ್ಣ ಧ್ವಜದ ಜೊತೆಗೆ ಸಂಸ್ಥಾನದ ಧ್ವಜವನ್ನೂ ಹಾರಿಸುವ ಏರ್ಪಾಡು. ಆದರೆ ಶಿವಪುರದ ಮೂಲ ಬೇಡಿಕೆ ಇದ್ದದ್ದು ಜವಾಬ್ದಾರಿ ಸರಕಾರ. ಅದನ್ನು ಸುಧಾರಣಾ ಸಮಿತಿಯೊಂದರ ಚೀಲಕ್ಕೆ ಹಾಕಲಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮರುವರ್ಷವೇ ಮೈಸೂರು ಕಾಂಗ್ರೆಸ್ಸಿಗರು ಮತ್ತೆ ಸತ್ಯಾಗ್ರಹಕ್ಕೆ ಇಳಿಯಬೇಕಾಯಿತು.

ಆದರೂ ನ್ಯಾಯವಾಗಿ ಹೇಳಬೇಕು. ಹೊರಗಿನವರ ಪ್ರತಿಕ್ರಿಯೆಗಳಲ್ಲಿ ನಮ್ಮ ಜನರ ಕೈಗೆ ಏನಾದರೂ ಕೊಟ್ಟದ್ದು ಇದೊಂದೇ. ಜೈಲಿನ ಬಾಗಿಲು ತೆರೆಯಿತು, ನಿಷೇಧ ಹೋಯಿತು. ಕಾರಣ ಅದು ಬರೀ ಕಳವಳವಾಗಿರಲಿಲ್ಲ, ರೈಲು ಹತ್ತಿ ಬಂದು ಆರೋಪಿಯ ಎದುರು ಕುಳಿತ ಕಳವಳವಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಬಂದವರು ಮೈಸೂರನ್ನು ತಮ್ಮದಾಗಿಸಿಕೊಳ್ಳದೆ ವಾಪಸು ಹೋದರು.

ಎಲ್ಲ ಹೊರಗಿನವರೂ ಹಾಗೆ ವಾಪಸು ಹೋಗುವುದಿಲ್ಲ ಎಂಬುದಕ್ಕೂ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. 1830-31ರಲ್ಲಿ ಕಂದಾಯದ ಹೊರೆಗೆ ನಗರದ ರೈತರು ದಂಗೆಯೆದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಸರಕಾರ ಕಂಪೆನಿಯ ಸೈನ್ಯದ ನೆರವಿನಿಂದಲೇ ಅದನ್ನು ಅಡಗಿಸಿತು. ಆಮೇಲೆ ಗವರ್ನರ್ ಜನರಲ್ ಬೆಂಟಿಂಕ್‌ಗೆ ಮೈಸೂರಿನ ಪ್ರಜೆಗಳ ಮೇಲೆ ಒಮ್ಮೆಲೇ ಕರುಣೆ ಹುಟ್ಟಿತು. ಆಡಳಿತ ಕೆಟ್ಟಿದೆಯೆಂದು ಹೇಳಿ 1831ರಲ್ಲಿ ಇಡೀ ಸಂಸ್ಥಾನದ ಅಧಿಕಾರವನ್ನು ಕಂಪೆನಿ ತನ್ನ ಕೈಗೆ ತೆಗೆದುಕೊಂಡಿತು. ಹಿಂದಿರುಗಿಸಿದ್ದು 1881ರಲ್ಲಿ. ಉರಿಯುವ ಮನೆಯ ಬೆಂಕಿ ಆರಿಸಲು ಬಂದ ನೆರೆಯವನು ಐವತ್ತು ವರ್ಷ ಆ ಮನೆಯಲ್ಲೇ ವಾಸ ಮಾಡಿದಂತಾಯಿತು. 2011ರಲ್ಲಿ ಲಿಬಿಯಾದ ಜನರನ್ನು ಕಾಪಾಡುತ್ತೇವೆಂದು ನ್ಯಾಟೋ ವಿಮಾನಗಳು ಹೊರಟಾಗ ನಮಗೆ ನೆನಪಾಗಬೇಕಿದ್ದದ್ದು ಬೆಂಟಿಂಕ್.

ಲಿಬಿಯಾದ ಮಾತು ಬಂದಿತಲ್ಲ, ಆ ತಿಂಗಳ ಪಂಚಾಂಗವನ್ನೇ ಸ್ವಲ್ಪ ನೋಡಿ. 2011ರ ಮಾರ್ಚ್ 17ರಂದು ಭದ್ರತಾ ಮಂಡಳಿ 1973ನೇ ನಿರ್ಣಯದ ಮೂಲಕ ಲಿಬಿಯಾದಲ್ಲಿ ಸೈನಿಕ ಕ್ರಮಕ್ಕೆ ಅನುಮತಿ ಕೊಟ್ಟಿತು. ಭಾರತ ಮತ ಹಾಕದೆ ತಟಸ್ಥವಾಗಿ ಉಳಿಯಿತು. ಅದಕ್ಕೆ ಮೂರೇ ದಿನ ಮೊದಲು, ಮಾರ್ಚ್ 14ರಂದು, ಸೌದಿ ನೇತೃತ್ವದ ಸೈನ್ಯ ಬಹ್ರೈನ್‌ಗೆ ನುಗ್ಗಿತ್ತು. ಮನಾಮಾದ ಮುತ್ತಿನ ವೃತ್ತದಲ್ಲಿ ಸೇರಿದ್ದ ಜನರನ್ನು 16ರಂದು ಓಡಿಸಿ, 18ರಂದು ಆ ವೃತ್ತದ ಸ್ಮಾರಕವನ್ನೇ ಕೆಡವಿದರು. ಬೆಂಘಾಜಿಗೆ ವಿಮಾನ, ಮನಾಮಾಕ್ಕೆ ಸಂಯಮದ ಉಪದೇಶ. ಅಮೆರಿಕದ ಐದನೇ ನೌಕಾಪಡೆ ಲಂಗರು ಹಾಕಿರುವುದು ಬಹ್ರೈನ್‌ನಲ್ಲಿ ಎಂಬುದು ಗೊತ್ತಿದ್ದವರಿಗೆ ಇದರಲ್ಲಿ ಒಗಟೇನೂ ಇಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುವುದೂ ಇಲ್ಲಿ ಸಾಲದು. ಬೆಣ್ಣೆ ಹಚ್ಚುವ ನೆಪದಲ್ಲಿ ಮೊದಲನೆಯ ಕಣ್ಣನ್ನೂ ಕಿತ್ತರು.

ಸಾಮ್ರಾಜ್ಯಶಾಹಿಯನ್ನು ಬೈಯುವುದು ಸುಲಭ, ನಮ್ಮ ಪತ್ರಿಕೆಗಳಲ್ಲಿ ಅದಕ್ಕೆ ಕೊರತೆಯೂ ಇಲ್ಲ. ಕಷ್ಟವಾದದ್ದು ನಮ್ಮವರ ಮಾತು. ಅದನ್ನೂ ಆಡಿಬಿಡೋಣ.

ಮೊದಲು ಮಿರ್ಜಾ ಇಸ್ಮಾಯಿಲ್. ಕರ್ನಾಟಕದ ಮುಸ್ಲಿಮರು ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ, ಹೇಳಲೇಬೇಕು. 1926ರಿಂದ 1941ರವರೆಗೆ ದಿವಾನರಾಗಿ ಅವರು ಕಟ್ಟಿದ್ದು ಸಾಮಾನ್ಯವಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆ ಅವರ ಕಾಲದ್ದೇ. ಆದರೆ ವಿದುರಾಶ್ವತ್ಥದ ದಿನ ಆಡಳಿತದ ಚುಕ್ಕಾಣಿ ಯಾರ ಕೈಯಲ್ಲಿತ್ತು? ಬೃಂದಾವನದ ಕಾರಂಜಿಗೆ ಮಿರ್ಜಾ, ಗುಂಡಿಗೆ ಮಾತ್ರ ಪೊಲೀಸರು ಎಂದರೆ ಅದು ಚರಿತ್ರೆಯಾಗುವುದಿಲ್ಲ, ಸಂಬಂಧಿಕರ ಹೊಗಳಿಕೆಯಾಗುತ್ತದೆ. ಅತ್ತ ಕಡೆಯವರು ಮುಸ್ಲಿಂ ದಿವಾನನೊಬ್ಬ ಹಿಂದೂಗಳನ್ನು ಕೊಲ್ಲಿಸಿದ ಎಂಬ ಕತೆ ಕಟ್ಟಲು ಹೊರಟರೆ ಅದಕ್ಕೂ ಬುಡವಿಲ್ಲ. ದಿವಾನರನ್ನು ನೇಮಿಸಿದವರು ನಾಲ್ವಡಿ ಕೃಷ್ಣರಾಜರು. ಸತ್ತವರ ಪರವಾಗಿ ಬಂದ ಪಟೇಲರು ಕೈ ಕುಲುಕಿದ್ದೂ ಅದೇ ದಿವಾನರ ಕೈಯನ್ನು. ದಮನಕ್ಕೆ ಧರ್ಮವಿಲ್ಲ, ಕುರ್ಚಿ ಇದೆ. ಇದನ್ನು ಮಿರ್ಜಾರ ವಿಷಯದಲ್ಲಿ ಒಪ್ಪಿಕೊಳ್ಳುವ ಧೈರ್ಯವಿದ್ದವರಿಗೆ ಮಾತ್ರ ಬೇರೆಯವರ ವಿಷಯದಲ್ಲಿ ಹೇಳುವ ಹಕ್ಕು.

ಇನ್ನೊಬ್ಬ ದಿವಾನರ ಕತೆ ಇದಕ್ಕಿಂತ ಸ್ವಾರಸ್ಯವಾಗಿದೆ. ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭಾರತದ ಪರವಾಗಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದವರು. 1946ರಲ್ಲಿ ಅದರ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರು. ಮಾನವ ಹಕ್ಕುಗಳ ಆಯೋಗ ಹುಟ್ಟಿದ್ದು ಆ ಮಂಡಳಿಯ ಮಡಿಲಲ್ಲಿ. ಅದೇ ಮಹನೀಯರು 1947ರಲ್ಲಿ ಮೈಸೂರಿನ ದಿವಾನರು. ದೇಶಕ್ಕೆ ಸ್ವಾತಂತ್ರ್ಯ ಬಂದು ವಾರಗಳಾಗಿದ್ದರೂ ಮೈಸೂರಿನ ಪ್ರಜೆಗೆ ತನ್ನ ಸರಕಾರವಿರಲಿಲ್ಲ. ಸೆಪ್ಟೆಂಬರ್ 1ರಂದು 'ಮೈಸೂರು ಚಲೋ' ಆರಂಭವಾಯಿತು, ಕೆ.ಸಿ. ರೆಡ್ಡಿ ಮೊದಲಾದವರು ಜೈಲು ಸೇರಿದರು. 13ರಂದು ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಇಂದು ಬಸ್ಸಿನವರು 'ರಾಮಸ್ವಾಮಿ ಸರ್ಕಲ್' ಎಂದು ಕೂಗುವುದು ಆ ಹುಡುಗನ ಹೆಸರನ್ನು. ದಿವಾನರ ಹೆಸರೂ ರಾಮಸ್ವಾಮಿಯೇ. ಒಬ್ಬ ರಾಮಸ್ವಾಮಿ ನ್ಯೂಯಾರ್ಕಿನಲ್ಲಿ ಮನುಷ್ಯರ ಹಕ್ಕಿನ ಮಾತನಾಡಿದರು, ಇನ್ನೊಬ್ಬ ರಾಮಸ್ವಾಮಿ ಮೈಸೂರಿನ ಬೀದಿಯಲ್ಲಿ ಅದನ್ನು ಕೇಳಿದ.

ಕತೆ ಅಲ್ಲಿಗೂ ಮುಗಿಯಲಿಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆದು ವಿಷಯ ಭದ್ರತಾ ಮಂಡಳಿಗೆ ಹೋದಾಗ ಭಾರತದ ಪರ ವಾದಿಸಿದವರೂ ಮುದಲಿಯಾರರೇ. ಮಂಡಳಿ ವಿಷಯವನ್ನು ಕಾರ್ಯಸೂಚಿಯಲ್ಲಿಟ್ಟು ಸುಮ್ಮನಾಯಿತು. ರಜಾಕಾರರ ಕ್ರೌರ್ಯವನ್ನು ನಾವು ಮುಚ್ಚಿಡುವುದಿಲ್ಲ, ಅದಕ್ಕೆ ಬಲಿಯಾದ ಹಳ್ಳಿಗಳು ಬೀದರ, ಕಲಬುರಗಿ, ರಾಯಚೂರುಗಳಲ್ಲೇ ಇವೆ. ಆದರೆ ಕಾರ್ಯಾಚರಣೆಯ ನಂತರ ಅದೇ ಜಿಲ್ಲೆಗಳಲ್ಲಿ ಬಡ ಮುಸ್ಲಿಮರಿಗೆ ಏನಾಯಿತೆಂದು ನೋಡಿ ಬರಲು ನೆಹರೂ ಸರಕಾರವೇ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಹೊರಗಿನವರ ಮೌನ ಮತ್ತು ಒಳಗಿನವರ ಮೌನ ಎರಡೂ ಒಂದಾದಾಗ ಸತ್ತವರಿಗೆ ಸಂಖ್ಯೆಯೂ ಉಳಿಯುವುದಿಲ್ಲ.

ಇನ್ನು ಮುಸ್ಲಿಂ ಜಗತ್ತಿನ ವಿಚಾರ. ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದ ಉರುಂಚಿಯಲ್ಲಿ 2009ರ ಜುಲೈ 5ರಂದು ಉಯಿಘರರ ಪ್ರತಿಭಟನೆ ಗಲಭೆಯಾಗಿ ಸ್ಫೋಟಿಸಿತು. ಸರಕಾರದ ಲೆಕ್ಕದಲ್ಲೇ 197 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಹಾನ್ ಚೀನೀಯರು ಎಂಬುದನ್ನೂ ಹೇಳಬೇಕು. ಆಮೇಲೆ ಇಡೀ ಜನಾಂಗದ ಮೇಲೆ ಬಿದ್ದ ಕಣ್ಗಾವಲು, 2017ರಿಂದೀಚೆಗೆ ಕೂಡಿಹಾಕುವ ಶಿಬಿರಗಳು ಜಗತ್ತಿಗೆ ತಿಳಿದದ್ದೇ. 2019ರ ಮಾರ್ಚ್‌ನಲ್ಲಿ ಅಬುಧಾಬಿಯಲ್ಲಿ ಸೇರಿದ ಇಸ್ಲಾಮಿಕ್ ಸಹಕಾರ ಸಂಘಟನೆ ಏನು ಮಾಡಿತು? ತನ್ನ ಮುಸ್ಲಿಂ ಪ್ರಜೆಗಳ ಆರೈಕೆ ಮಾಡುತ್ತಿರುವುದಕ್ಕೆ ಚೀನಾವನ್ನು ಪ್ರಶಂಸಿಸಿತು. ಹೌದು, ಪ್ರಶಂಸಿಸಿತು. ಅದೇ ಜುಲೈನಲ್ಲಿ 22 ದೇಶಗಳು ಚೀನಾವನ್ನು ಟೀಕಿಸಿ ಮಾನವ ಹಕ್ಕುಗಳ ಮಂಡಳಿಗೆ ಪತ್ರ ಬರೆದವು. ಅವುಗಳಲ್ಲಿ ಮುಸ್ಲಿಂ ಬಹುಸಂಖ್ಯಾತ ದೇಶ ಒಂದೂ ಇರಲಿಲ್ಲ. ಚೀನಾದ ಪರ ಬರೆದವುಗಳಲ್ಲಿ ಸೌದಿ ಅರೇಬಿಯ ಇತ್ತು, ಪಾಕಿಸ್ತಾನ ಇತ್ತು, ಈಜಿಪ್ಟ್ ಇತ್ತು. 2022ರ ಅಕ್ಟೋಬರ್ 6ರಂದು ಶಿನ್‌ಜಿಯಾಂಗ್ ಬಗ್ಗೆ ಬರೀ ಚರ್ಚೆ ಮಾಡೋಣವೇ ಎಂಬ ಪ್ರಸ್ತಾಪ ಅದೇ ಮಂಡಳಿಯಲ್ಲಿ 17-19ರಿಂದ ಬಿದ್ದುಹೋಯಿತು. ಬೀಳಿಸಿದವರಲ್ಲಿ ಇಂಡೋನೇಷ್ಯಾ, ಪಾಕಿಸ್ತಾನ, ಕತಾರ್, ಯುಎಇ. ತಟಸ್ಥರಾದ 11 ದೇಶಗಳಲ್ಲಿ ನಮ್ಮ ಭಾರತವೂ ಒಂದು. ದಿಲ್ಲಿ ಮತ್ತು ಇಸ್ಲಾಮಾಬಾದ್ ಇಂಥ ಅಪರೂಪದ ಸಂದರ್ಭದಲ್ಲಾದರೂ ಬೀಜಿಂಗ್‌ಗೆ ತೊಂದರೆ ಕೊಡದಿರಲು ಜೊತೆಯಾದದ್ದನ್ನು ಶಾಂತಿಪ್ರಿಯರು ಸ್ವಾಗತಿಸಬೇಕೇನೋ.

ಈ ಸಂಘಟನೆಯ ಹೇಳಿಕೆಗಾಗಿ ನಮ್ಮ ಹುಡುಗರು ಮೊಬೈಲು ಹಿಡಿದು ಕಾಯುತ್ತಾರೆ! 2022ರ ಫೆಬ್ರವರಿ 8ರಂದು ಮಂಡ್ಯದ ಕಾಲೇಜೊಂದರ ಆವರಣದಲ್ಲಿ ಕೇಸರಿ ಶಾಲಿನ ಗುಂಪು ಒಬ್ಬಳೇ ಹೆಣ್ಣುಮಗಳನ್ನು ಅಟ್ಟಿಸಿಕೊಂಡು ಹೋದ ದೃಶ್ಯವನ್ನು ಜಗತ್ತೇ ನೋಡಿತು. ಅದು ದಂಗೆಯಲ್ಲ, ದಂಗೆಯ ದಮನವೂ ಅಲ್ಲ. ತರಗತಿಗೆ ಹೋಗಲು ಬಂದ ಹುಡುಗಿಯ ಪ್ರಶ್ನೆ. ಆದರೆ ಹೊರಗಿನವರ ಪ್ರತಿಕ್ರಿಯೆಯ ಪಾಠ ಅಲ್ಲಿ ಪೂರ್ತಿ ಇತ್ತು. ಮರುದಿನವೇ ಪಾಕಿಸ್ತಾನ ಭಾರತದ ರಾಜತಾಂತ್ರಿಕರನ್ನು ಕರೆಸಿ ಮಾತನಾಡಿತು. ಅಮೆರಿಕದ ಧಾರ್ಮಿಕ ಸ್ವಾತಂತ್ರ್ಯದ ರಾಯಭಾರಿ ಟ್ವೀಟ್ ಮಾಡಿದರು. ಉಯಿಘರರನ್ನು ಮರೆತಿದ್ದ ಇಸ್ಲಾಮಿಕ್ ಸಹಕಾರ ಸಂಘಟನೆಗೆ ಕರ್ನಾಟಕ ನೆನಪಾಯಿತು. ವಿದೇಶಾಂಗ ಖಾತೆ ಮಾಮೂಲಿನಂತೆ ಆಂತರಿಕ ವಿಚಾರ ಎಂದಿತು. ಏಪ್ರಿಲ್ ಹೊತ್ತಿಗೆ ಅಲ್‌ಖೈದಾದ ಐಮನ್ ಅಲ್ ಝವಾಹಿರಿ ಕೂಡ ವೀಡಿಯೊದಲ್ಲಿ ಪ್ರತ್ಯಕ್ಷನಾಗಿ ಹುಡುಗಿಯನ್ನು ಹೊಗಳಿದ. ಅಷ್ಟು ಮಂದಿಯಲ್ಲಿ ಉತ್ತಮವಾದ ಉತ್ತರ ಕೊಟ್ಟವರು ಯಾವ ರಾಜಧಾನಿಯಲ್ಲೂ ಇರಲಿಲ್ಲ, ಮಂಡ್ಯದಲ್ಲಿದ್ದರು. ಹುಡುಗಿಯ ತಂದೆ. ಅವನ್ಯಾರೋ ನಮಗೆ ಗೊತ್ತಿಲ್ಲ, ಅವನ ಹೊಗಳಿಕೆ ನಮಗೆ ಬೇಕಿಲ್ಲ, ನಾವು ಇಲ್ಲಿ ಅಣ್ಣ ತಮ್ಮಂದಿರಂತೆ ಬಾಳುತ್ತಿದ್ದೇವೆ ಎಂಬರ್ಥದಲ್ಲಿ ಮಾತನಾಡಿ ಮುಗಿಸಿದರು.

ಹಾಗಾದರೆ ಹೊರಗಿನವರೆಲ್ಲ ಬಾಯಿ ಮುಚ್ಚಬೇಕೇ? ಇಲ್ಲ. ಈ ಬರಹ ಅಲ್ಲಿಗೆ ಹೋಗುತ್ತದೆ ಎಂದು ಕಾಯುತ್ತಿರುವವರಿಗೆ ನಿರಾಶೆಯಾಗಲಿ. ಝವಾಹಿರಿಯನ್ನು ದೂರವಿಡುವುದು ಬೇರೆ, ಪಟೇಲರನ್ನು ಗಡಿಯಲ್ಲಿ ತಡೆಯುವುದು ಬೇರೆ. ದಮನಕ್ಕೆ ಒಳಗಾದವನು ಊರಲ್ಲಿ ಕೇಳುವವರಿಲ್ಲದಾಗ ಊರ ಹೊರಗೆ ಕೂಗುತ್ತಾನೆ. ಅದು ಅವನ ಹಕ್ಕು. ನಮ್ಮ ರೈತ ಸಂಘದವರು ಇದನ್ನು ಬಲ್ಲರು. 1999ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ನೂರಾರು ಭಾರತೀಯ ರೈತರು ಯೂರೋಪಿನ ಬೀದಿಗಳಲ್ಲಿ ಮೆರವಣಿಗೆ ಹೊರಟರಲ್ಲ, ಹಸಿರು ಶಾಲು ಹೊದ್ದು ಹೋದವರನ್ನು ಆಗ ಯಾರೂ ದೇಶದ್ರೋಹಿಗಳೆನ್ನಲಿಲ್ಲ.

ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟು ಬದಲಾಯಿತು ನೋಡಿ. ದಿಲ್ಲಿಯ ಗಡಿಗಳಲ್ಲಿ ಪಂಜಾಬ್, ಹರಿಯಾಣದ ರೈತರು ಚಳಿಯಲ್ಲಿ ಕುಳಿತಿದ್ದರು. 2021ರ ಜನವರಿ 26ರ ಘಟನೆಯ ನಂತರ ಅವರ ಸುತ್ತ ಕಬ್ಬಿಣದ ಮೊಳೆ ನೆಟ್ಟರು, ಇಂಟರ್‌ನೆಟ್ ಕಡಿದರು. ಫೆಬ್ರವರಿ 2ರಂದು ರಿಹಾನಾ ಎಂಬ ಗಾಯಕಿ ಒಂದು ಸಾಲು ಟ್ವೀಟ್ ಮಾಡಿದ್ದೇ ತಡ, ಮರುದಿನ ವಿದೇಶಾಂಗ ಖಾತೆಯೇ ಉತ್ತರ ಕೊಡಲು ಎದ್ದು ನಿಂತಿತು. ಕ್ರಿಕೆಟಿಗರು, ಚಿತ್ರತಾರೆಯರು ಒಂದೇ ಧಾಟಿಯಲ್ಲಿ ಐಕ್ಯದ ಮಂತ್ರ ಹೇಳಿದರು. ಹತ್ತು ದಿನ ಕಳೆದು ಬೆಂಗಳೂರಿನಿಂದ 22 ವರ್ಷದ ದಿಶಾ ರವಿಯನ್ನು ದಿಲ್ಲಿ ಪೊಲೀಸರು ಹಿಡಿದೊಯ್ದರು. ಆಕೆಯ ಮೇಲಿದ್ದ ಆರೋಪ, ರೈತರ ಪರ ವಿದೇಶದವರಿಗೆ ತಿಳಿಸುವ ಒಂದು ಟೂಲ್‌ಕಿಟ್ ತಿದ್ದಿ ಹಂಚಿದ್ದು. ಕೇಸಿನ ಹೆಸರು ರಾಜದ್ರೋಹ.

ನಾರಿಮನ್ ಹೊರಗಿನಿಂದ ಒಳಗೆ ಬಂದದ್ದು ಅಪರಾಧವಾಗಿತ್ತು. ಇಲ್ಲಿ ಒಳಗಿನ ಹುಡುಗಿ ಹೊರಗೆ ಹೇಳಿದ್ದೂ ಅಪರಾಧವಾಯಿತು. ನಮ್ಮ ಪತ್ರಿಕೆಗಳಲ್ಲಿ ಕೆಲವು ಮತ್ತು ಟಿವಿಗಳಲ್ಲಿ ಬಹುಪಾಲು ವಿದೇಶಿ ಕೈವಾಡದ ತಲೆಬರಹ ಬರೆದವು. ಅದೇ ಪತ್ರಿಕೆಗಳೇ ಪ್ರತಿ ಆಗಸ್ಟಿನಲ್ಲಿ ಶಿವಪುರದ ಸೌಧದ ಚಿತ್ರ ಹಾಕುತ್ತವೆ, ಪಟೇಲರು ಬಂದದ್ದನ್ನು ಕೊಂಡಾಡುತ್ತವೆ. ಅವರಿಗೆ ಪಟೇಲರು ಬೇಕು, ಪಟೇಲರು ಬರಲು ಕಾರಣರಾದವರು ಬೇಡ. ಮಂಡ್ಯದ ಗಾಣದಲ್ಲಿ ಬೆಲ್ಲ ತಿಂದು ಕಬ್ಬು ಬೆಳೆದವನನ್ನು ಬೈದಂತೆ ಇದು.

ದಿಶಾಗೆ ಫೆಬ್ರವರಿ 23ರಂದು ಜಾಮೀನು ಸಿಕ್ಕಿತು. ಕೊಟ್ಟವರು ದಿಲ್ಲಿಯ ಪಟಿಯಾಲ ಹೌಸ್ ನ್ಯಾಯಾಲಯದ ಧರ್ಮೇಂದ್ರ ರಾಣಾ. ಅವರ ಆದೇಶದಲ್ಲಿ ಒಂದು ಮಾತಿದೆ. ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಜಗತ್ತಿನ ಕಿವಿಗೆ ಕೇಳುವಂತೆ ಹೇಳುವ ಹಕ್ಕೂ ಸೇರಿದೆ, ಮಾತಿಗೆ ಭೂಗೋಳದ ಗಡಿಯಿಲ್ಲ ಎಂಬರ್ಥದ ಮಾತು. 1937ರಲ್ಲಿ ಬೆಂಗಳೂರಿನಲ್ಲಿ ನಾರಿಮನ್ ಅವರ ಬಾಯಿಗೆ ಬಿದ್ದ ಬೀಗಕ್ಕೆ, 84ನೇ ವರ್ಷದಲ್ಲಿ, ಬೆಂಗಳೂರಿನದೇ ಹುಡುಗಿಯ ಕೇಸಿನಲ್ಲಿ ಒಂದು ಉತ್ತರ ಸಿಕ್ಕಿತು. ಅದನ್ನು ಕನ್ನಡಕ್ಕೆ ತಂದು ಶಿವಪುರದ ಸೌಧದ ಗೋಡೆಗೆ ಹಚ್ಚಬಹುದಿತ್ತು. ಮುಂದಿನ ಏಪ್ರಿಲ್ 11ರಂದು ಅಲ್ಲಿ ಹಾರ ಹಾಕಲು ಹೋಗುವ ಶಾಸಕರು, ಸಚಿವರು ಯಾರಾದರೂ ಸರಿ, ಈ ಕೆಲಸಕ್ಕೆ ಮನಸ್ಸು ಮಾಡಿದರೆ ಖರ್ಚು ಹೆಚ್ಚೇನೂ ಆಗುವುದಿಲ್ಲ. ಕಲ್ಲು ನಮ್ಮ ಸೀಮೆಯಲ್ಲೇ ಸಿಗುತ್ತದೆ.